ಕಿವಿ ಮೇಸ್ತ್ರಿ ಎಣಿಸಿದ ಹನ್ನೊಂದು

ಕಿವಿ ಮೇಸ್ತ್ರಿಗೆ ಈಗ ಕಿವಿ ಸರಿಯಾಗಿ ಕೇಳುವುದಿಲ್ಲ. ಹೆಂಡತಿ ಅಡುಗೆಮನೆಯಿಂದ ಮೂರು ಸಲ ಕೂಗಿದರೆ ಒಂದು ಸಲ ಓಗೊಡುತ್ತಾರೆ, ಅದೂ ಕಾಫಿಯ ವಿಷಯವಾಗಿದ್ದರೆ. "ಬೇಕಾದ್ದು ಮಾತ್ರ ಕೇಳುತ್ತೆ ಇವರಿಗೆ" ಎಂದು ಆಕೆ ಪಕ್ಕದ ಮನೆಯವರ ಮುಂದೆ ಹಂಗಿಸುವುದುಂಟು. ಊರ ಹಿಂದಿನ ಗುಡ್ಡದ ಕಲ್ಲುಕ್ವಾರಿಯಲ್ಲಿ ಒಂದು ಕಾಲಕ್ಕೆ ಇನ್ನೂರು ಜನ ಇದೇ ಕಿವಿಯನ್ನು ನಂಬಿ ಕೆಲಸಕ್ಕೆ ಇಳಿಯುತ್ತಿದ್ದರು ಎಂದರೆ ಇವತ್ತಿನವರು ನಗುತ್ತಾರೆ.

ಅವರ ಕೆಲಸ ಎಣಿಸುವುದು. ಬಂಡೆಗೆ ಕುಳಿ ಕೊರೆದು, ಮದ್ದು ತುಂಬಿ, ಬತ್ತಿ ಹಚ್ಚಿ ಎಲ್ಲರೂ ತಗಡಿನ ಮರೆಗೆ ಓಡಿಬಂದ ಮೇಲೆ, ಮೇಸ್ತ್ರಿ ಕಣ್ಣು ಮುಚ್ಚಿಕೊಂಡು ಒಂದೊಂದು ಸದ್ದಿಗೂ ಒಂದೊಂದು ಬೆರಳು ಮಡಿಸಬೇಕು. ಎಷ್ಟು ಕುಳಿಗೆ ಮದ್ದು ತುಂಬಿದೆಯೋ ಅಷ್ಟೇ ಸದ್ದು ಕೇಳಿಸಿದರೆ ಸೀಟಿ ಊದಿ, ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಒಂದು ಕಡಿಮೆಯಾಯಿತೋ, ಮುಗಿಯಿತು ಕಥೆ. ಬಂಡೆಯ ಹೊಟ್ಟೆಯಲ್ಲಿ ಸಿಡಿಯದ ಮದ್ದು ಉಳಿದಿದೆ ಎಂದರ್ಥ. ಕೆಂಪು ಬಾವುಟ ನೆಟ್ಟು, ಬೆಳಗಾಗುವವರೆಗೆ ಆ ಕಡೆ ಯಾರೂ ಸುಳಿಯದಂತೆ ನೋಡಿಕೊಳ್ಳಬೇಕು. ಕಾಯುತ್ತ ಕೂರಬೇಕಾದವನು ಬೇರೆ ಯಾರೂ ಅಲ್ಲ, ಎಣಿಸಿದವನೇ. ಅದು ಆ ಕ್ವಾರಿಯ ಕಟ್ಟಳೆ. ಯಾರು ಮಾಡಿದರೋ ಏನೋ, ಸೋಮಾರಿಯಾದವನು ಸುಳ್ಳು ಹೇಳಲಿ ಎಂದೇ ಮಾಡಿದಂತಿತ್ತು.

ಆದರೆ ಮೇಸ್ತ್ರಿ ಸೋಮಾರಿಯಲ್ಲ. ಚಳಿಯಲ್ಲಿ, ಸೊಳ್ಳೆಯಲ್ಲಿ, ಒಮ್ಮೆ ಜ್ವರ ಹೊತ್ತುಕೊಂಡು ಸಹ ಬಾವುಟದ ಪಕ್ಕ ಕೂತವರು. "ಎರಡು ಒಟ್ಟಿಗೆ ಸಿಡಿದಿರ್ಬೇಕು ಬಿಡಪ್ಪ, ಮನೆಗೆ ಹೋಗು" ಎಂದು ಫೋರ್‌ಮನ್ನೇ ಹೇಳಿದರೂ ಜಗ್ಗುತ್ತಿರಲಿಲ್ಲ. "ಒಟ್ಟಿಗೆ ಸಿಡಿದ್ರೆ ನನ್ನ ಕಿವಿಗೆ ಗೊತ್ತಾಗುತ್ತೆ ಸಾರ್" ಎನ್ನುತ್ತಿದ್ದರು. ಕಿವಿ ಮೇಸ್ತ್ರಿ ಎಂಬ ಹೆಸರು ಬಂದದ್ದು ಹಾಗೆ.

ಆ ಹೆಸರನ್ನು ಇಟ್ಟವನು ಭಾವ, ಅಂದರೆ ಹೆಂಡತಿಯ ಅಣ್ಣ. ಕ್ವಾರಿಯಲ್ಲಿ ಡ್ರಿಲ್ಲು ಹಿಡಿದು ಕುಳಿ ಕೊರೆಯುವ ಆಳು. ಮದುವೆಯಿಲ್ಲ, ಮಕ್ಕಳಿಲ್ಲ, ತಂಗಿಯ ಮನೆಯಲ್ಲೇ ಊಟ. ಅವನು ಆ ಕ್ವಾರಿಯಲ್ಲೇ ಸತ್ತು ಮೂವತ್ತೊಂದು ವರ್ಷವಾಯಿತು. ಅದಾದ ತಿಂಗಳಿಗೆ ಮೇಸ್ತ್ರಿ ಕೆಲಸ ಬಿಟ್ಟು, ಒಂದು ಶಾಲೆಯಲ್ಲಿ ಗಂಟೆ ಹೊಡೆಯುವ ಕೆಲಸಕ್ಕೆ ಸೇರಿಕೊಂಡರು. ಕ್ವಾರಿಯೂ ಆಮೇಲೆ ಮುಚ್ಚಿತು. ಗುಡ್ಡದ ಕಡೆ ಅವರು ತಿರುಗಿ ನೋಡಿದ್ದಿಲ್ಲ. ಪೇಟೆಗೆ ಹೋಗಲು ಗುಡ್ಡದ ದಾರಿ ಹತ್ತಿರವಾಗಿದ್ದರೂ ಸುತ್ತು ಹಾಕಿಕೊಂಡೇ ಹೋಗುತ್ತಿದ್ದರು.

ಈಗ ಆ ಕ್ವಾರಿಯನ್ನು ಪಾರ್ಕು ಮಾಡುತ್ತಾರಂತೆ. ಹೋದ ವಾರ ಹಾಗೆಂದು ಹೇಳಿಕೊಂಡು ಒಬ್ಬ ಹೆಣ್ಣುಮಗಳು ಮನೆಗೆ ಬಂದಿದ್ದಳು, ಕೈಯಲ್ಲಿ ನಕ್ಷೆ, ಕಾಲಲ್ಲಿ ಕೆಸರಿನ ಬೂಟು. ಹಳೇ ಕೆಲಸಗಾರರಲ್ಲಿ ಈ ಊರಲ್ಲಿ ಉಳಿದಿರುವವರು ಮೂರೇ ಜನ, ಅವರಲ್ಲಿ ನಡೆದಾಡುವವರು ನೀವೊಬ್ಬರೇ, ಬಂದು ನೋಡಿ ತಪ್ಪಿದ್ದರೆ ತಿದ್ದಬೇಕು, ಹಳೇ ಫೋಟೋ ಇದ್ದರೆ ಕೊಡಬೇಕು ಎಂದಳು. ಮೇಸ್ತ್ರಿ ಮೊಣಕಾಲು ನೋವು ಎಂದರು. ಹೆಂಡತಿ ಬಿಡಲಿಲ್ಲ. "ನಾನೂ ಬರ್ತೀನಿ ನಡೀರಿ. ಅಣ್ಣ ಹೋದ ಜಾಗ, ಒಂದ್ಸಲಾನೂ ಕರ್ಕೊಂಡು ಹೋಗ್ಲಿಲ್ಲ ನೀವು" ಎಂದು, ಗೋಡೆಯ ಮೇಲಿದ್ದ ಎರಡು ಫೋಟೋ ಇಳಿಸಿ, ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. ಒಂದು ಅಣ್ಣನದು. ಇನ್ನೊಂದು ಗಂಡ, ಹೆಂಡತಿ, ವರ್ಷ ತುಂಬಿದ ಮಗಳು ಸ್ಟುಡಿಯೋದಲ್ಲಿ ತೆಗೆಸಿಕೊಂಡದ್ದು.

ಗುಡ್ಡದ ನೆತ್ತಿಗೆ ಜೀಪು ಹತ್ತಿತು. ಇಳಿದು ನೋಡಿದರೆ ಮೇಸ್ತ್ರಿಗೆ ಗುರುತೇ ಸಿಗಲಿಲ್ಲ. ಅವರು ಬಿಟ್ಟುಹೋದದ್ದು ಬಿಳಿ ಧೂಳು ತುಂಬಿದ ಹೊಂಡ. ಈಗ ಅದರ ತುಂಬ ತಿಳಿ ಹಸಿರು ನೀರು. ಮದ್ದಿಗೆ ಸೀಳಿದ ಗೋಡೆಗಳ ಸಂದಿಯಲ್ಲೆಲ್ಲ ಗಿಡ ಹುಟ್ಟಿ, ಹಕ್ಕಿಗಳು ಗೂಡು ಕಟ್ಟಿದ್ದವು. ಆಚೆ ಕಡೆ ಕಣ್ಣು ಹಾಯಿಸಿದರೆ ನದಿ, ಸೇತುವೆ, ಊರಿನ ಮಾಡುಗಳು, ದೂರದಲ್ಲಿ ತೆವಳುತ್ತಿದ್ದ ರೈಲು. ಹದಿನೆಂಟು ವರ್ಷ ಇಲ್ಲೇ ದುಡಿದರೂ ತಲೆಯೆತ್ತಿ ಇದನ್ನು ನೋಡಿದ ನೆನಪು ಅವರಿಗಿರಲಿಲ್ಲ.

"ಎಷ್ಟು ಚೆನ್ನಾಗಿದೆಯಲ್ರೀ" ಎಂದರು ಹೆಂಡತಿ. "ಅಣ್ಣ ಒಂದು ದಿನಾನೂ ಹೇಳಿರ್ಲಿಲ್ಲ ನೋಡಿ."

ಪಾರ್ಕಿನ ಹುಡುಗಿ ನಕ್ಷೆ ಬಿಡಿಸಿದಳು. ಹೊಂಡದ ಸುತ್ತ ಕಾಲುದಾರಿ, ಕಬ್ಬಿಣದ ಬೇಲಿ, ಬೋಳು ಇಳಿಜಾರಿಗೆ ಹುಲ್ಲು, ಹಕ್ಕಿ ಗೂಡಿನ ಗೋಡೆ ಇದ್ದ ಹಾಗೇ. ನಿಂತು ನೋಡಲು ಒಂದು ಕಟ್ಟೆ, ಅಲ್ಲೇ ಕ್ವಾರಿಯ ಚರಿತ್ರೆ ಹೇಳುವ ಕಲ್ಲಿನ ಫಲಕ. ಫಲಕದ ಮಾತುಗಳನ್ನು ಕಾಗದದಲ್ಲಿ ತಂದಿದ್ದಳು. ಮೇಸ್ತ್ರಿಗೆ ಕೇಳಿಸಲಿ ಎಂದು ಗಟ್ಟಿಯಾಗಿ ಓದಿದಳು. ಕೊನೆಯ ಸಾಲು ಹೀಗಿತ್ತು: "ಕುಳಿ ಕೊರೆಯುವ ಕೆಲಸಗಾರನೊಬ್ಬ ತನ್ನ ಅವಸರ ಮತ್ತು ಅಜಾಗರೂಕತೆಯಿಂದ ಇಲ್ಲಿ ಪ್ರಾಣ ಕಳೆದುಕೊಂಡನು."

"ಹಳೇ ವಿಚಾರಣೆ ವರದೀಲಿ ಇರೋದನ್ನೇ ಹಾಕಿದೀವಿ" ಎಂದಳು. "ಓದಿದೋರು ಎಚ್ಚರಿಕೆ ಕಲೀಲಿ ಅಂತ. ತಪ್ಪಿದ್ರೆ ಈಗ್ಲೇ ಹೇಳಿ ತಾತ. ಸೋಮವಾರ ಕೆತ್ತೋಕೆ ಕೊಟ್ಬಿಡ್ತೀವಿ, ಆಮೇಲೆ ತಿದ್ದೋಕಾಗಲ್ಲ."

"ಸರಿಯಾಗೇ ಇದೆ ಬಿಡಮ್ಮ" ಎಂದರು ಹೆಂಡತಿ. "ನಮ್ಮಣ್ಣ ಇದ್ದಿದ್ದೇ ಹಾಗೆ. ಬಾಯಲ್ಲಿ ತುತ್ತಿರೋವಾಗ್ಲೇ ಚಪ್ಪಲಿ ಮೆಟ್ಟೋನು. ಬಂಡೆ ನೋಡಿ ಕೊರೆಯೋ ತಾಳ್ಮೆ ಎಲ್ಲಿಂದ ಬರ್ಬೇಕು ಅವನಿಗೆ? ಅವಸರಗೇಡಿ. ಅವನ ಅವಸರ ಅವನನ್ನೇ ತಿಂತು."

ಈ ಮಾತನ್ನು ಆಕೆ ಪ್ರತಿ ವರ್ಷ ಅಣ್ಣ ಸತ್ತ ದಿನ ಆಡುತ್ತಾರೆ. ಬೈಯುತ್ತ ಬೈಯುತ್ತ ಅಳುತ್ತಾರೆ. ಮೇಸ್ತ್ರಿ ತಟ್ಟೆಯ ಮುಂದೆ ತಲೆ ತಗ್ಗಿಸಿ ಕೂತಿರುತ್ತಾರೆ. ಆದರೆ ಮನೆಯೊಳಗಿನ ಬೈಗುಳ ಬೇರೆ, ಕಲ್ಲಿನಲ್ಲಿ ಕೂರುವ ಅಕ್ಷರ ಬೇರೆ. ಸೋಮವಾರದೊಳಗೆ ಬಾಯಿ ಬಿಡದಿದ್ದರೆ, ತಾವು ಸತ್ತ ಮೇಲೂ ಈ ಮಾತು ಭಾವನ ತಲೆಯ ಮೇಲೆ ನಿಂತಿರುತ್ತದೆ. ಬಾಯಿ ಬಿಟ್ಟರೆ ಕೇಳಬೇಕಾದವಳು ಪಕ್ಕದಲ್ಲೇ ನಿಂತಿದ್ದಾಳೆ. ಮೇಸ್ತ್ರಿ ಅಲ್ಲೇ ಒಂದು ಕಲ್ಲಿನ ಮೇಲೆ ಕೂತರು.

ಅವತ್ತು ಹನ್ನೊಂದು ಕುಳಿಗೆ ಮದ್ದು ತುಂಬಿದ್ದರು. ಸಂಜೆ ಐದು ದಾಟಿತ್ತು. ಸ್ಟುಡಿಯೋದವನು ಆರಕ್ಕೆ ಬಾಗಿಲು ಹಾಕುತ್ತಿದ್ದ, ಹೆಂಡತಿ ಮಗಳಿಗೆ ಹೊಸ ಬಟ್ಟೆ ತೊಡಿಸಿ ಮನೆ ಬಾಗಿಲಲ್ಲೇ ಕಾಯುತ್ತಿದ್ದರು. "ನೀನೂ ಬಾ ಭಾವ" ಎಂದರೆ ಅವನು, "ನನ್ನ ಮೂತಿ ನೋಡಿದ್ರೆ ಕ್ಯಾಮೆರಾ ಒಡೆದೋಗುತ್ತೆ, ನೀವು ಹೋಗ್ಬನ್ನಿ" ಎಂದಿದ್ದ. ಬತ್ತಿ ಹಚ್ಚಿದರು. ಮೇಸ್ತ್ರಿ ಎಣಿಸಿದರು. ಹತ್ತು. ಕಾದರು. ಹತ್ತೇ. ಎರಡು ಒಟ್ಟಿಗೆ ಸಿಡಿದಿರಬೇಕು ಎಂದು, ಯಾರು ಹೇಳಿದರೂ ಒಪ್ಪದಿದ್ದ ಮಾತನ್ನು ಅವತ್ತು ತಮಗೆ ತಾವೇ ಹೇಳಿಕೊಂಡರು. ಸೀಟಿ ಊದಿದರು. ಪುಸ್ತಕದಲ್ಲಿ ಹನ್ನೊಂದಕ್ಕೆ ಹನ್ನೊಂದು ಎಂದು ಬರೆದು ಸಹಿ ಹಾಕಿ ಓಡಿದರು.

ರಾತ್ರಿ ನಿದ್ದೆ ಬರಲಿಲ್ಲ. ಬೆಳಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಬಂಡೆ ನೋಡಿಬಿಡಬೇಕು ಎಂದುಕೊಂಡು ಹೋದರೆ ಭಾವ ಆಗಲೇ ಡ್ರಿಲ್ಲು ಹೊತ್ತು ನಿಂತಿದ್ದಾನೆ, ಪಕ್ಕದಲ್ಲಿ ಫೋರ್‌ಮನ್.

"ಎಲ್ಲಾ ಸಿಡಿದ್ವೇನೋ?" ಎಂದು ಕೇಳಿದ ಭಾವ.

ಫೋರ್‌ಮನ್ನಿನ ಕೈಯಲ್ಲಿ ತಮ್ಮ ಸಹಿಯ ಪುಸ್ತಕವಿತ್ತು. "ಹನ್ನೊಂದಕ್ಕೆ ಹನ್ನೊಂದು" ಎಂದರು ಮೇಸ್ತ್ರಿ.

"ಹಾಗಾದ್ರೆ ನೋಡೋದೇನಿದೆ. ನೀನು ಹೇಳಿದ್ಮೇಲೆ ಆಯ್ತು" ಎಂದು ಭಾವ ಬಂಡೆ ಹತ್ತಿದ. ಫೋರ್‌ಮನ್ ಆಚೆ ಹೋಗಲಿ, ಭಾವನನ್ನು ಬದಿಗೆ ಕರೆದು ಹೇಳೋಣ ಎಂದು ಮೇಸ್ತ್ರಿ ಟೀ ಅಂಗಡಿಯ ಕಡೆ ನಾಲ್ಕು ಹೆಜ್ಜೆ ಹಾಕಿದ್ದರು, ಅಷ್ಟೇ. ಬಂಡೆಗೆ ಡ್ರಿಲ್ಲು ತಾಗಿ, ಹನ್ನೊಂದನೆಯದು ಆಗ ಕೇಳಿಸಿತು.

ವಿಚಾರಣೆಯಲ್ಲಿ ಅವರ ಸಹಿಯನ್ನು ಯಾರೂ ಅನುಮಾನಿಸಲಿಲ್ಲ. ಕಿವಿ ಮೇಸ್ತ್ರಿ ಎಣಿಸಿದ್ದು ತಪ್ಪುವುದುಂಟೇ? ಹಾಗಾಗಿ ತಪ್ಪೆಲ್ಲ ಸತ್ತವನದಾಯಿತು.

"ತಾತ, ನೀರು ಬೇಕಾ?" ಎಂದು ಹುಡುಗಿ ಬಗ್ಗಿದಳು.

"ಬೇಡಮ್ಮ" ಎಂದರು ಮೇಸ್ತ್ರಿ. "ಆ ಕೊನೇ ಸಾಲು ತಪ್ಪು. ಅವನು ಅವಸರ ಮಾಡ್ಲಿಲ್ಲ. ನನ್ನ ಕೇಳಿದ. ನಾನು ಹತ್ತು ಕೇಳಿಸ್ಕೊಂಡು ಹನ್ನೊಂದು ಅಂದೆ." ಒಮ್ಮೆ ಶುರುವಾದ ಮೇಲೆ ನಿಲ್ಲಿಸಲಾಗಲಿಲ್ಲ. ಪುಸ್ತಕ, ಸೀಟಿ, ಬೆಳಗಿನ ಮಾತು, ಎಲ್ಲವನ್ನೂ ಹುಡುಗಿಯ ಬೂಟು ನೋಡುತ್ತಲೇ ಹೇಳಿ ಮುಗಿಸಿದರು. ಹೆಂಡತಿಯ ಮುಖ ನೋಡುವ ಧೈರ್ಯ ಬರಲಿಲ್ಲ.

ಆಕೆ ಕೇಳಿದ್ದು ಒಂದೇ. "ಸ್ಟುಡಿಯೋಗೆ ಹೊತ್ತಾಗುತ್ತೆ ಅಂತಾನಾ?"

"ಹೂಂ."

ಆಕೆ ಚೀಲ ಬಿಚ್ಚಿ ಅಣ್ಣನ ಫೋಟೋ ತೆಗೆದು, ಸೆರಗಿನಿಂದ ಗಾಜು ಒರೆಸಿ ಹುಡುಗಿಯ ಕೈಗಿಟ್ಟರು. "ಇವನೇ ನಮ್ಮಣ್ಣ. ಆ ಸಾಲು ತೆಗೆದು ಇವನ ಮುಖ ಹಾಕಿಸಮ್ಮ. ಬಂಡೆ ಹತ್ತೋಕೆ ಮುಂಚೆ ಕೇಳಿದ್ದ ಅಂತ ಬರೆಸು." ಇನ್ನೊಂದು ಫೋಟೋವನ್ನು ಟವೆಲ್ ಸಮೇತ ಗಂಡನ ತೊಡೆಯ ಮೇಲಿಟ್ಟರು. ಜೀಪಿನ ಕಡೆ ಹೊರಟವರು ಎರಡು ಹೆಜ್ಜೆಗೆ ನಿಂತರು.

"ಅವನನ್ನ ನೆನೆಸ್ಕೊಳ್ಳೋಕೆ ಈ ಲೋಕದಲ್ಲಿ ನಾನೊಬ್ಳೇ ಇದ್ದೆ. ಮೂವತ್ತೊಂದು ವರ್ಷ ಬೈಕೊಂಡೇ ನೆನೆಸ್ಕೊಂಡೆ. ನೀವು ಪಕ್ಕದಲ್ಲೇ ಕೂತು ಕೇಳ್ತಿದ್ರಿ."

ತಿರುಗಿ ನೋಡದೆ, ತನಗೆ ತಾನೇ ಹೇಳಿಕೊಂಡಷ್ಟು ಮೆಲ್ಲಗೆ ಆಡಿದ ಮಾತು ಅದು. ಮೇಸ್ತ್ರಿಗೆ ಒಂದಕ್ಷರವೂ ತಪ್ಪದೆ ಕೇಳಿಸಿತು.