ಅರಿಶಿನದ ಬೆಲ್ಟು

ಮಾಸ್ಟರ ಬಲಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಮದುವೆಯಿಲ್ಲದ ದಿನ ಶಿರಾದ ಕಲ್ಯಾಣ ಮಂಟಪದ ಊಟದ ಹಾಲ್‌ನಲ್ಲಿ ಆ ಬರಿಗಾಲಲ್ಲೇ ಓಡಾಡಿ ಕಸ ಗುಡಿಸುತ್ತಿದ್ದರು. ಅಂಟಿಕೊಂಡ ಅನ್ನದ ಅಗುಳನ್ನು ಬೆರಳಲ್ಲಿ ಹೆಕ್ಕಿ ತೆಗೆದ ಮೇಲೆಯೇ ಟೇಕ್ವಾಂಡೋ ಕಲಿಯುವ ಮಕ್ಕಳನ್ನು ಒಳಗೆ ಬಿಡುವುದು.

ನನ್ನ ಮಗಳನ್ನು ಅಲ್ಲಿಗೆ ಸೇರಿಸಿದ್ದು ಒದೆಯುವುದನ್ನು ಕಲಿಯಲೆಂದಲ್ಲ. ನಮ್ಮ ಯಜಮಾನರು ಹೈವೇಯಲ್ಲಿ ಲಾರಿಗೆ ಸಿಕ್ಕಿ ತೀರಿಕೊಂಡ ದಿನದಿಂದ ಆ ಹತ್ತು ವರ್ಷದ ಕೂಸು ಮಾತೇ ಆಡಿರಲಿಲ್ಲ. ಡಾಕ್ಟರು, ದೇವರು, ತಾಯತ ಎಲ್ಲ ಮುಗಿದಿತ್ತು. ಇಲ್ಲಿ ಪ್ರತಿ ಒದೆತಕ್ಕೂ ಮಕ್ಕಳು ಜೋರಾಗಿ ಕೂಗಬೇಕಂತೆ ಎಂದು ಯಾರೋ ಹೇಳಿದ್ದರು.

"ಕೂಗಿದ್ರೇನೇ ಹಳದಿ ಬೆಲ್ಟು ಕಣಮ್ಮ" ಅಂದರು ಮಾಸ್ಟರು.

ಎರಡು ಪರೀಕ್ಷೆ ಆಯಿತು. ಜೊತೆಯವರು ಹಳದಿ ದಾಟಿ ಹಸಿರಿಗೆ ಹೋದರು. ಇವಳದು ಸೇರಿದಾಗ ಕೊಟ್ಟ ಬಿಳಿಯೇ.

"ಒಂದ್ಸಲ ಸುಮ್ನೆ ಕೊಟ್ಬುಡಿ ಮಾಸ್ಟ್ರೇ" ಎಂದು ಅತ್ತುಬಿಟ್ಟೆ.

"ಕೊಟ್ರೆ, ಕೂಗ್ದೇನೇ ಇದ್ಬುಡಬೌದು ಅಂತ ಕಲ್ತ್ಬುಡ್ತಾಳೆ."

ದಿಕ್ಕು ತೋಚದೆ, ಮೂರನೇ ಪರೀಕ್ಷೆಗೆ ಮುಂಚೆ ಮನೆದೇವರಿಗೆ ಹರಕೆ ಹೊತ್ತೆ. ಮುಡಿಪು ಕಟ್ಟುವ ಬಿಳಿ ಬಟ್ಟೆಯನ್ನು ಅರಿಶಿನದ ನೀರಲ್ಲಿ ಅದ್ದುವ ಹಾಗೆ ಅವಳ ಬೆಲ್ಟನ್ನೇ ಅದ್ದಿ ದೇವರ ಮುಂದಿಟ್ಟೆ. ಒಣಗಿದ ಮೇಲೆ ನೋಡಿದರೆ, ಅಯ್ಯೋ, ಅಪ್ಪಟ ಹಳದಿ!

ಅದನ್ನು ಕಂಡು ಮಾಸ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಏನಮ್ಮಾ, ಪರೀಕ್ಷೆನೇ ಇಲ್ದೆ ಪಾಸ್ ಮಾಡ್ಬುಟ್ರಾ? ನನ್ ಕೆಲ್ಸ ಹೋಯ್ತು ಬುಡಿ!"

ಒಗೆದು ತರುತ್ತೇನೆ ಎಂದೆ. ತಡೆದರು.

"ಬೆಲ್ಟು ಒಗೀಬಾರ್ದು. ಬೆವರು ಹೋದ್ರೆ ಕಲ್ತಿದ್ದೂ ಹೋಯ್ತದೆ."

ಮಗಳ ಮುಂದೆ ಮಂಡಿಯೂರಿ ಅವರೇ ಕಟ್ಟಿದರು. "ಬಣ್ಣ ನಿಮ್ಮಮ್ಮ ತಂದವ್ರೆ. ಕೂಗು ನೀನು ತಾ, ತಾಯಿ. ನಾನು ಕಾಯ್ತೀನಿ."

ಪರೀಕ್ಷೆಗೆ ನಾಲ್ಕು ದಿನವಿತ್ತು. ಬರಗೂರಿನ ಮಕ್ಕಳಿಗೆ ಹೇಳಿಕೊಟ್ಟು ಬರುವಾಗ ಮಾಸ್ಟರು ಬಸ್ಸಿನಲ್ಲೇ ಎದೆ ಹಿಡಿದುಕೊಂಡರಂತೆ. ಶಿರಾ ತಲುಪುವಷ್ಟರಲ್ಲಿ ಉಸಿರಿರಲಿಲ್ಲ. ಇನ್ನೊಂದು ಬಾಗಿಲೂ ಮುಚ್ಚಿತಲ್ಲಪ್ಪಾ ದೇವರೇ ಎಂದು ಗೋಡೆಗೆ ತಲೆ ಚಚ್ಚಿಕೊಂಡೆ.

ಮಣ್ಣಿಗೆ ಹೋಗಿ ಬಂದ ಬಟ್ಟೆಯನ್ನೆಲ್ಲ ನೆನೆಹಾಕುವುದು ನಮ್ಮ ಪದ್ಧತಿ. ಮಗಳು ಬೆಲ್ಟು ಕಟ್ಟಿಕೊಂಡೇ ಬಂದಿದ್ದಳು. ಅದನ್ನೂ ಬಿಚ್ಚಿ ಬಕೆಟ್ಟಿಗೆ ಹಾಕಲು ಹೋದೆ. ನನ್ನ ಕೈ ಹಿಡಿದಳು.

"ಒಗೀಬ್ಯಾಡಮ್ಮ."

ಆ ದನಿ ಕೇಳಬೇಕಾದವರು ಕೇಳಲಿಲ್ಲ. ಪರೀಕ್ಷೆಗೆ ಇದ್ದದ್ದು ನಾಲ್ಕೇ ದಿನ, ಕಾಯಬಾರದಿತ್ತೇ?

ಈಗ ದಿನಕ್ಕೆ ಒಂದು ಮಾತು, ಕೆಲವು ದಿನ ಅದೂ ಇಲ್ಲ. ಬಂದಷ್ಟನ್ನು ಎಣಿಸಿಕೊಳ್ಳುತ್ತೇನೆ. ಸಂಜೆ ದೀಪ ಹಚ್ಚಿ ದೇವರಿಗೆ ಕೈ ಮುಗಿದ ಮೇಲೆ, ಉಗುರಿಲ್ಲದ ಆ ಹೆಬ್ಬೆರಳಿಗೂ ಮನಸ್ಸಿನಲ್ಲೇ ಮುಗಿಯುತ್ತೇನೆ. ಒಗೆಯದ ಬೆಲ್ಟು ದೇವರ ಗೂಡಿನ ಪಕ್ಕದ ಮೊಳೆಗೆ ನೇತಾಡುತ್ತಿರುತ್ತದೆ.