ಎರಡು ಗಂಟೆ ಒಂಬತ್ತು ನಿಮಿಷದವರೆಗೆ

ನಂಬಿ ಅಂತ ನಾನೇನೂ ನಿಮ್ಮ ಕೈಕಾಲು ಹಿಡಿಯುವುದಿಲ್ಲ. ದೆವ್ವ ಗಿವ್ವ ಅಂದರೆ ನಗುವವರ ಪೈಕಿ ನಾನು. ಆದರೆ ಇದು ನನ್ನ ಕಣ್ಣೆದುರೇ ನಡೆದದ್ದು, ಆ ಮಷೀನ್ ಈಗಲೂ ನನ್ನ ಮೇಜಿನ ಪಕ್ಕದಲ್ಲೇ ಓಡುತ್ತಿದೆ.

ವಡೋದರಾದ ಒಂದು ಆಸ್ಪತ್ರೆಯಲ್ಲಿ ಡೇಟಾಬೇಸ್ ನೋಡಿಕೊಳ್ಳುವುದು ನನ್ನ ಕೆಲಸ. ಯಾವ ಬೆಡ್ಡಿನಲ್ಲಿ ಯಾರಿದ್ದಾರೆ, ಜ್ವರ ಎಷ್ಟು, ಯಾವ ಔಷಧಿ ಕೊಟ್ಟರು, ಎಲ್ಲವೂ ಅದರಲ್ಲಿರುತ್ತದೆ. ರಾತ್ರಿ ಅದರ ಪೂರ್ತಿ ನಕಲು ತೆಗೆದಿಡುತ್ತೇನೆ, ಅದೇ ಬ್ಯಾಕಪ್. ಆಮೇಲೆ ಆಗುವ ಒಂದೊಂದು ಬದಲಾವಣೆಯೂ ಲಾಗ್ ಎಂಬ ಫೈಲುಗಳಲ್ಲಿ ಸಾಲಾಗಿ ಬೀಳುತ್ತದೆ. ಇವೆರಡೂ ಕೈಯಲ್ಲಿದ್ದರೆ ಡೇಟಾಬೇಸನ್ನು ಹಿಂದಿನ ಯಾವ ನಿಮಿಷಕ್ಕಾದರೂ ಒಯ್ದು ನಿಲ್ಲಿಸಬಹುದು. ಒಂದೇ ತೊಂದರೆ. ಲಾಗ್ ಬೀಳುವ ಡಿಸ್ಕ್ ತುಂಬಿದರೆ ಇಡೀ ಡೇಟಾಬೇಸ್ ನಿಂತುಬಿಡುತ್ತದೆ. ಅದಕ್ಕೇ ಏಳು ದಿನಕ್ಕಿಂತ ಹಳೆಯ ಲಾಗ್‌ಗಳನ್ನು ಅಳಿಸಬೇಕು ಅಂತ ನಿಯಮ.

ಆ ನಿಯಮವನ್ನು ನಾನು ಒಮ್ಮೆ ಮುರಿದೆ.

ನನ್ನ ಹೆಂಡತಿ ಗಿರಿಜಾ ಅದೇ ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ, ಬೆಡ್ ಹದಿನೇಳರಲ್ಲಿದ್ದಳು. ಡೆಂಗಿ. ನಾನು ನೆಲಮಾಳಿಗೆಯ ಸರ್ವರ್ ರೂಮಿನಲ್ಲಿ ರಾತ್ರಿ ಪಾಳಿಯಲ್ಲಿದ್ದೆ. ಎರಡು ಹತ್ತಕ್ಕೆ ಶಾಂತಕ್ಕ ಫೋನ್ ಮಾಡಿದರು. ಕುಂದಾಪುರದ ಕಡೆಯವರು, ಆ ವಾರ್ಡಿನ ನರ್ಸ್.

"ನಿಮ್ಮನ್ನೇ ಕೇಳ್ತಾ ಇದ್ದಾರೆ ಮಾರಾಯ್ರೆ. ಒಮ್ಮೆ ಬಂದು ಹೋಗಿ."

"ಬ್ಯಾಕಪ್ ನಡದೈತ್ರೀ ಸಿಸ್ಟರ್. ಹತ್ತ ನಿಮಿಷ. ಬಂದೆ ಅಂತ ಹೇಳ್ರಿ."

ಎರಡು ಇಪ್ಪತ್ತೈದಕ್ಕೆ ಅವಳು ಹೋದಳು. ನಾನು ಮೇಲೆ ಮುಟ್ಟಿದ್ದು ಎರಡೂವರೆಗೆ. ಬ್ಯಾಕಪ್ ಮಾತ್ರ ಚೆನ್ನಾಗಿ ಮುಗಿದಿತ್ತು.

ನಾನು ಅಳಲಿಲ್ಲ. ಹದಿಮೂರನೆಯ ದಿನ ಮುಗಿಸಿ ಕೆಲಸಕ್ಕೆ ಬಂದೆ. ಆ ವಾರದ ಲಾಗ್‌ಗಳನ್ನು ನಾನಿಲ್ಲದಾಗ ಯಾರೂ ಅಳಿಸಿರಲಿಲ್ಲ, ಈಗ ಅಳಿಸಲು ಕೂತರೆ ಕೈ ಏಳಲಿಲ್ಲ. ಅದರ ಹಿಂದಿನ ರಾತ್ರಿಯ ಬ್ಯಾಕಪ್ಪನ್ನೂ ಅವುಗಳನ್ನೂ ಅದೇ ಡಿಸ್ಕಿನ ಒಂದು ಮೂಲೆಯಲ್ಲಿ ಬಚ್ಚಿಟ್ಟೆ.

ಬ್ಯಾಕಪ್ ಸರಿಯಿದೆಯೇ ಅಂತ ತಿಂಗಳಿಗೊಮ್ಮೆ ಒಂದು ಹಳೆಯ ಮಷೀನಿನಲ್ಲಿ ಪರೀಕ್ಷೆ ಮಾಡುತ್ತೇವೆ. ಅದಕ್ಕೆ ನೆಟ್‌ವರ್ಕ್ ಕೇಬಲ್ ಹಾಕುವುದಿಲ್ಲ, ನಿಜವಾದ ವಾರ್ಡುಗಳ ಮಾಹಿತಿಯೊಂದಿಗೆ ಬೆರೆಯಬಾರದಲ್ಲ. ಪರೀಕ್ಷೆ ಮುಗಿದ ಮೇಲೆ ನಾನು ಅದೇ ಮಷೀನಿನಲ್ಲಿ ಆ ರಾತ್ರಿಯನ್ನು ತರುತ್ತಿದ್ದೆ. ಎರಡು ಗಂಟೆ ಒಂಬತ್ತು ನಿಮಿಷದವರೆಗೆ ಮಾತ್ರ. ಬೆಡ್ ಹದಿನೇಳು, ಗಿರಿಜಾ, ಜ್ವರ ನೂರಾ ಒಂದು... ದಾಖಲಾಗಿದ್ದಾರೆ. ಅಷ್ಟು ನೋಡಿ ಬಂದ್ ಮಾಡುತ್ತಿದ್ದೆ. ಸಮಾಧಾನವೂ ಇಲ್ಲ, ಸಂಕಟವೂ ಇಲ್ಲ. ಸುಮ್ಮನೆ ನೋಡುತ್ತಿದ್ದೆ.

ಹೀಗೆ ಹನ್ನೊಂದು ತಿಂಗಳು ಕಳೆಯಿತು.

ಆವತ್ತೂ ಹಾಗೇ ತೆರೆದಿಟ್ಟುಕೊಂಡು ಕೂತಿದ್ದೆ. ಎಸಿಯ ಗುಂಯ್ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಫೋನ್ ಹೊಡೆದುಕೊಂಡಿತು. ಶಾಂತಕ್ಕ.

"ಎಂತ ಆಯ್ತು ಮಾರಾಯ್ರೆ? ಕಂಪ್ಯೂಟರ್ ಪೂರಾ ನಿಂತಿದೆ! ಇಲ್ಲೊಬ್ಬರು ಅಜ್ಜಿಗೆ ಉಸಿರು ಕಟ್ತಾ ಉಂಟು. ಯಾವ ಇಂಜೆಕ್ಷನ್ ಅವರಿಗೆ ಆಗಿಬರುದಿಲ್ಲ ಅಂತ ಅದರಲ್ಲೇ ಅಲ್ವಾ ಇರುದು?"

ನೋಡಿದೆ. ಲಾಗ್ ಡಿಸ್ಕ್ ತುಂಬಿ ತುಳುಕುತ್ತಿತ್ತು. ಈ ವಾರದ ಲಾಗ್‌ಗಳಿಗೆ ಇನ್ನೂ ಏಳು ದಿನ ತುಂಬಿರಲಿಲ್ಲ, ಅವನ್ನು ಮುಟ್ಟುವಂತಿಲ್ಲ. ಅಳಿಸಲು ಇದ್ದದ್ದು ನಾನು ಬಚ್ಚಿಟ್ಟದ್ದೊಂದೇ.

"ಹತ್ತ ನಿಮಿಷ..." ಅಂತ ಬಾಯಿಗೆ ಬಂದದ್ದನ್ನು ನುಂಗಿದೆ. "ಈಗಿಂದೀಗ ಮಾಡ್ತೀನ್ರೀ, ಫೋನ್ ಇಡಬ್ಯಾಡ್ರಿ."

ಎಂಟರ್ ಒತ್ತಿದೆ. ಅಷ್ಟೇ. ಗಿರಿಜಾಳ ಆ ರಾತ್ರಿಯನ್ನು ಇನ್ನು ಯಾರೂ ಹಿಂದಕ್ಕೆ ತರುವ ಹಾಗಿಲ್ಲ.

"ಬಂತು, ಬಂತು!" ಅಂದರು ಶಾಂತಕ್ಕ. ಅಜ್ಜಿ ಉಳಿದರು.

ಹಳೆಯ ಮಷೀನಿನಲ್ಲಿ ಮಾತ್ರ ಅವಳು ಇನ್ನೂ ತೆರೆದೇ ಇದ್ದಳು. ಅದನ್ನೂ ಆಫ್ ಮಾಡೋಣ ಅಂತ ತಿರುಗಿದೆ. ಆಗ ವಾಸನೆ ಬಂತು... ಪಪ್ಪಾಯಿ ಎಲೆಯ ರಸದ ಕಹಿ, ಹಸಿ ವಾಸನೆ. ಡೆಂಗಿಗೆ ಒಳ್ಳೆಯದು ಅಂತ ನಾನೇ ಅರೆದು ಗಿರಿಜಾಳಿಗೆ ಕುಡಿಸುತ್ತಿದ್ದ ರಸ.

ಪರದೆಯ ಮೇಲೆ ಒಂದು ಹೊಸ ಸಾಲು ಬಂದಿತ್ತು.

ಎರಡು ಇಪ್ಪತ್ತಾರು. ಜ್ವರ ನೂರು. ರೋಗಿ ಎಚ್ಚರವಾಗಿದ್ದಾರೆ. ಗಂಡ ಬಂದರೇ ಎಂದು ಕೇಳಿದರು.

ಅವಳು ಹೋದ ಮೇಲಿನ ನಿಮಿಷ ಅದು. ನಾನು ಕೇಬಲ್ ನೋಡಿದೆ. ಮೇಜಿನ ಮೇಲೆ ಸುತ್ತಿಟ್ಟ ಹಾಗೇ ಇತ್ತು. ಮಷೀನಿನ ಹಿಂದೆ ಕೈಯಾಡಿಸಿದೆ, ಏನೂ ಚುಚ್ಚಿರಲಿಲ್ಲ. ಹೆದರಿಕೆ ಆಗಬೇಕಿತ್ತು. ನಾನು ಆ ಸಾಲನ್ನು ಮತ್ತೆ ಓದಿದೆ, ಅಷ್ಟೇ.

ಆ ಸಾಲಿನ ಮುಂದೆ ಬರೆದವರ ಜಾಗದಲ್ಲಿ ಶಾಂತಕ್ಕನ ಸಿಬ್ಬಂದಿ ನಂಬರ್ ಇತ್ತು. ಬೆಳಿಗ್ಗೆ ಅವರನ್ನು ಹಿಡಿದು ಕೇಳಿದೆ.

"ನಾನಾ? ಆ ರಾತ್ರಿ ನಾನು ಬರೆದ ಕೊನೇ ಸಾಲು ನನಗೆ ಬಾಯಿಪಾಠ ಉಂಟು. ಅದರ ಮೇಲೆ ಬರೀಲಿಕ್ಕೆ ಎಂತ ಇತ್ತು, ಹೇಳಿ?" ಆಮೇಲೆ ದನಿ ತಗ್ಗಿಸಿದರು. "ಅದನ್ನು ಆಫ್ ಮಾಡಿ ಬಿಡಿ. ಇದೆಲ್ಲ ಒಳ್ಳೇದಲ್ಲ."

ಆಫ್ ಮಾಡಲಿಲ್ಲ. ಹೇಗೆ ಮಾಡಲಿ? ಅದರೊಳಗೆ ಅವಳಿಗೆ ಎಚ್ಚರವಿದೆ.

ಅಂದಿನಿಂದ ದಿನಾ ರಾತ್ರಿ ಒಂದು ಸಾಲು. ಜ್ವರ ಇಳಿಯುತ್ತಾ ಬಂತು. ತೊಂಬತ್ತೊಂಬತ್ತು... ಗಂಜಿ ಕುಡಿದರು... ಗಂಡ ಬಂದರೇ ಎಂದು ಕೇಳಿದರು. ಕೊನೆಯ ಮಾತು ಯಾವತ್ತೂ ತಪ್ಪಲಿಲ್ಲ. ಅದೇ ಕಟ್ಟಡದ ಕೆಳಗೆ ಕೂತು ನಾನು ಓದುತ್ತಿದ್ದೆ.

ಆ ಮಷೀನಿನ ಡಿಸ್ಕ್ ಬಹಳ ಚಿಕ್ಕದು. ಅಲ್ಲೂ ಲಾಗ್ ಬೀಳುತ್ತದೆ, ಅಲ್ಲೂ ತುಂಬಿದರೆ ನಿಲ್ಲುತ್ತದೆ. ಅದಕ್ಕೆ ದಿನಾ ಹಳೆಯದನ್ನು ಅಳಿಸಿ ಜಾಗ ಮಾಡುತ್ತೇನೆ. ತಿಂಗಳ ಪರೀಕ್ಷೆಗೆ ಬೇರೆ ಮಷೀನ್ ಕೇಳಿ ತೆಗೆದುಕೊಂಡೆ. ಮಂಜಲ್‌ಪುರ ಬಡಾವಣೆಯ ಮನೆಯಲ್ಲಿ ನನ್ನ ಜೊತೆ ಮಗಳು ಪೂರ್ವಾ ಒಬ್ಬಳೇ. ಇಲ್ಲೇ ಹುಟ್ಟಿದವಳು, ಅವಳ ಕನ್ನಡ ಅಷ್ಟಕ್ಕಷ್ಟೇ, ಹಿಂದಿ ಬೆರೆಸುತ್ತಾಳೆ.

"ಪಪ್ಪಾ, ದಿವಾಲಿ ಮೇ ಧಾರವಾಡ ಹೋಗೂಣ? ಅಲ್ಲಿ ಅಜ್ಜಿ ಬುಲಾ ರಹೀ ಹೈ, ಕರೀತಾಳೆ."

"ರಜಾ ಇಲ್ಲವ್ವಾ."

"ನಿಂಗೆ ಯಾವಾಗ್ಲೂ ರಜಾ ಇಲ್ಲ," ಅಂದಳು. ಎದ್ದು ಒಳಗೆ ಹೋದಳು.

ಆ ರಾತ್ರಿ ಎರಡು ಇಪ್ಪತ್ತಾರಕ್ಕೆ ಸಾಲು ಬಂತು. ಜ್ವರವಿಲ್ಲ. ಗಂಡ ಬಂದಿದ್ದಾರೆ. ಪಕ್ಕದಲ್ಲಿ ಕೂತಿದ್ದಾರೆ. ರೋಗಿ ನಿದ್ದೆ ಹೋದರು.

ಎರಡು ಸಲ ಓದಿದೆ. ನಾನು ಇಲ್ಲಿದ್ದೇನೆ... ಹಾಗಾದರೆ ಅಲ್ಲಿ ಕೂತವನು ಯಾರು? ಹೆದರಿಕೆಗಿಂತ ಮೊದಲು ನನಗೆ ಹೊಟ್ಟೆಕಿಚ್ಚಾಯಿತು. ಅವನು ಯಾರೇ ಆಗಿರಲಿ, ಕರೆದಾಗ ಎದ್ದು ಹೋಗಿದ್ದ.

ಅದೇ ಕೊನೆಯ ಸಾಲು. ಆಮೇಲೆ ಏನೂ ಬಂದಿಲ್ಲ, ಯಾರೂ ನನ್ನನ್ನು ಕೇಳಿಲ್ಲ. ಆದರೂ ಮಷೀನ್ ಆಫ್ ಮಾಡಿಲ್ಲ. ಪೂರ್ವಾ ದೀಪಾವಳಿಗೆ ಚಿಕ್ಕಪ್ಪನ ಜೊತೆ ಧಾರವಾಡಕ್ಕೆ ಹೋದಳು. ನಾನು ಇಲ್ಲೇ ಉಳಿದು ರಾತ್ರಿ ಹಳೆಯ ಲಾಗ್ ಅಳಿಸಿ, ಅದರೊಳಗಿನ ಅವರಿಬ್ಬರಿಗೂ ಜಾಗ ಮಾಡಿಕೊಟ್ಟೆ.