ಭಾವನ ಪಾಯಿಂಟ್ ಮೂವತ್ತೆರಡು

ಕೊರೋನಾ ಕಳೆದ ಮರುವರ್ಷದ ಮಾತು. ಮೂಡುಬಿದಿರೆಯಲ್ಲಿ ನನ್ನದು ಬಂದೂಕಿನ ಅಂಗಡಿ. ಬರುವವರೆಲ್ಲ ಹಂದಿ, ಮಂಗ ಓಡಿಸುವ ಕೋವಿಯ ಗಿರಾಕಿಗಳು. ಸೊಂಟದಲ್ಲಿ ಅಡಗಿಸಿಡುವಂಥದ್ದು ಬೇಕೆಂದು ಬಂದವರು ಅಳದಂಗಡಿಯ ಹೋಟೆಲ್ ಮಾಲೀಕ ಕರುಣಾಕರ ಶೆಟ್ರು. ಜಾಗದ ತಕರಾರಿನಲ್ಲಿ ಯಾರೋ ಫೋನ್ ಮಾಡಿ ಕೊಲ್ಲುತ್ತೇವೆಂದು ಹೆದರಿಸುತ್ತಿದ್ದರು, ಲೈಸನ್ಸ್ ಸಿಕ್ಕಿತ್ತು.

"ಪಾಯಿಂಟ್ ಮೂವತ್ತೆರಡೇ ಕೊಡಿ. ಹೆಂಡತಿಯ ಅಣ್ಣ, ಬೆಳುವಾಯಿ ಭಾವನ ಹತ್ತಿರ ಅದೇ ಉಂಟು. ಅದಕ್ಕಿಂತ ದೊಡ್ಡದಿದ್ದರೆ ಇನ್ನೂ ಒಳ್ಳೆಯದು."

ಕ್ಯಾಲಿಬರ್ ಎಂದರೆ ನಳಿಗೆಯ ಒಳ ಅಗಲ. ರಿವಾಲ್ವರಿನಲ್ಲಿ ಸಾಮಾನ್ಯರಿಗೆ ಸಿಗುವುದು ಹೆಚ್ಚಾಗಿ ಪಾಯಿಂಟ್ ಇಪ್ಪತ್ತೆರಡು, ಇಲ್ಲವೇ ಮೂವತ್ತೆರಡು. ಶೆಟ್ರದ್ದು ಕಡ್ಡಿಯಂಥ ದೇಹ, ಉಡುವುದು ಮುಂಡು. ಖಾಲಿ ಮೂವತ್ತೆರಡು ಎತ್ತುವುದಕ್ಕೇ ಎರಡು ಕೈ ಬೇಕಾಯಿತು.

"ಹಗುರದ ಇಪ್ಪತ್ತೆರಡು ಸಾಕು ಶೆಟ್ರೇ. ಗುಂಡು ಸಣ್ಣದು ಹೌದು, ಆದರೆ ಕೈ ಮಾತು ಕೇಳ್ತದೆ. ಮುಂಡಿನಲ್ಲೂ ನಿಲ್ತದೆ."

"ಭಾವನೆದುರು ಇಪ್ಪತ್ತೆರಡಾ? ಮರ್ಯಾದೆ ಬೇಡವಾ ಮಾರಾಯ್ರೆ?"

ಮದುವೆಯಾದಂದಿನಿಂದ ಹೆಂಡತಿಯ ಬಾಯಲ್ಲಿ ಅಣ್ಣನ ಗುಣಗಾನ ಕೇಳಿ ಕೇಳಿ ಅವರಿಗೆ ರೋಸಿಹೋಗಿತ್ತು. ಕಾರೂ ಅಣ್ಣನದ್ದೇ ಮೇಲು, ಮನೆಯೂ ಅಣ್ಣನದ್ದೇ ಮೇಲು! ನೇರ ಬಂಟ್ವಾಳಕ್ಕೆ ಹೋಗಿ ಮೂವತ್ತೆರಡೇ ತಂದರು. ಅಲ್ಲಿನ ಬಂದೂಕಿನ ಅಂಗಡಿಯವನಿಗೂ ನನಗೂ ಮೊದಲಿನಿಂದಲೇ ಆಗುವುದಿಲ್ಲ. ನನಗೂ ಹೊಟ್ಟೆ ಉರಿಯಿತು, ಸುಳ್ಳು ಯಾಕೆ?

ಮುಂದಿನದನ್ನು ಹೇಳಿದವರು ಆ ಭಾವನೇ. ಶೆಟ್ರ ಹೆಂಡತಿಯ ತವರಿನ ದೈವದ ಗುಡಿಯಲ್ಲಿ ತಂಬಿಲದ ಪೂಜೆ. ಗಂಡಸರು ಅಂಗಿ ತೆಗೆಯದೆ ದೈವದ ಮುಂದೆ ಹೋಗುವಂತಿಲ್ಲ. ಜನ ಸೇರುವ ಪೂಜೆಗೆ ಆಯುಧ ಒಯ್ಯಬಾರದೆಂದು ಭಾವ ತಮ್ಮದನ್ನು ಮನೆಯಲ್ಲೇ ಬಿಟ್ಟಿದ್ದರು. ಅವರಿಗೆ ತೋರಿಸಲೆಂದೇ ಹೊಸದನ್ನು ಸಿಕ್ಕಿಸಿಕೊಂಡು ಬಂದಿದ್ದ ಶೆಟ್ರು ಮಾತ್ರ, ಅಂಗಿ ತೆಗೆದರೆ ಊರಿಗೆಲ್ಲ ಕಾಣುತ್ತದೆಂದು ಗುಡಿಯ ಬಾಗಿಲಲ್ಲೇ ನಿಂತರು.

"ಅಂಗಿ ತೆಗೀರಿ, ನಾಚಿಕೆ ಎಂಥದ್ದು?" ಎಂದರು ಭಾವ.

ಶೆಟ್ರು ಅಂಗಿ ತೆಗೆದು, ಹೆಗಲಿನ ಬೈರಾಸನ್ನು ಸೊಂಟದ ರಿವಾಲ್ವರಿನ ಮೇಲೆ ಸುತ್ತಿಕೊಂಡು ಒಳಗೆ ಹೋದರು. ನಮಸ್ಕಾರಕ್ಕೆ ಬಗ್ಗಿದರು ನೋಡಿ, ಭಾರಕ್ಕೆ ಮುಂಡು ಜಾರಿತು, ಮೂವತ್ತೆರಡು ಧಡ್ ಎಂದು ದೈವದ ಮುಂದೆಯೇ ಬಿತ್ತು! ಪುಣ್ಯಕ್ಕೆ ಗುಂಡು ಹಾರಲಿಲ್ಲ. ಸುದ್ದಿ ಪೊಲೀಸರಿಗೆ ಮುಟ್ಟಿ ಲೈಸನ್ಸ್ ಅಮಾನತಾಯಿತು, ರಿವಾಲ್ವರ್ ಠಾಣೆ ಸೇರಿತು.

ಬೆದರಿಕೆ ಮಾತ್ರ ನಿಲ್ಲಲಿಲ್ಲ. ತಂಗಿ ಅತ್ತಳೆಂದು ಭಾವನೇ ದಿನವೂ ಹೋಟೆಲಿಗೆ ಬಂದು ಕ್ಯಾಶಿನ ಪಕ್ಕ ಕೂರತೊಡಗಿದರು. ಒಮ್ಮೆ ನಾನು ಚಾ ಕುಡಿಯಲು ಹೋದಾಗ ಶೆಟ್ರು ನನ್ನ ಕಿವಿಯಲ್ಲಿ, "ಫೋನ್ ಬರುವುದು ನಿಂತಿತು. ಆದರೆ ಜನ ಈಗ ಅವರಿಗೇ ನಮಸ್ಕಾರ ಮಾಡ್ತಾರೆ. ನನ್ನ ಹತ್ತಿರ ಚಿಲ್ಲರೆ ಕೇಳ್ತಾರೆ!" ಎಂದರು. ಕಣ್ಣು ಒದ್ದೆಯಾಗಿತ್ತು.

ಅಂದಿನಿಂದ ಕ್ಯಾಲಿಬರ್ ಮಾತಿಗೆ ಮೊದಲು ಕೇಳುತ್ತೇನೆ: ಯಾರಿಗಾದರೂ ಹೆದರಿ ತೆಗೆದುಕೊಳ್ಳುತ್ತೀರಾ, ಇಲ್ಲ ಯಾರನ್ನೋ ನೋಡಿಯಾ? ಯಾರನ್ನೋ ನೋಡಿ ಬಂದವರನ್ನು ಚಾ ಕುಡಿಸಿ ಕಳಿಸುತ್ತೇನೆ. ಅವರು ನೇರ ಬಂಟ್ವಾಳದ ಬಸ್ ಹತ್ತುತ್ತಾರೆ. ನನ್ನ ಹೊಟ್ಟೆ ಇನ್ನೂ ಉರಿಯುತ್ತದೆ.